ಎದುರು ನಿಲ್ಲುವವಳು

“ಯಾಕೆ ಮರೆಯಾದ್ರಿ ಅಂತ ಕೇಳ್ತೀರಲ್ಲ, ನಾನು ಎಲ್ಲಿಗೂ ಹೋಗ್ಲಿಲ್ಲ, ಇಲ್ಲೇ ಇದೀನಿ. ಆದ್ರೂ ಬಂದವರೆಲ್ಲ ಅದನ್ನೇ ಕೇಳ್ತಾರೆ, ಆಮೇಲೆ ತಮಗೆ ಬೇಕಾದ್ದನ್ನ ಬರ್ಕೊಂಡು ಹೋಗ್ತಾರೆ. ಹೀರೋ ಕೈಕೊಟ್ಟ ಅಂತ ಒಬ್ಬರು ಬರೆದ್ರು. ಪಾಪ, ಆ ಮನುಷ್ಯ ನನ್ನ ಕೈ ಹಿಡಿಯೋ ಸೀನ್ ಇದ್ರೆ ಮೊದಲು ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬರ್ತಿದ್ದ, ಅಷ್ಟು ಸಾಧು. ದಪ್ಪ ಆದೆ ಅಂತ ಇನ್ನೊಬ್ಬರು. ಆಗಿದ್ದು ನಿಜ, ಆದ್ರೆ ಅದು ಸಿನಿಮಾ ಹೋದ ಮೇಲೆ, ಹೊತ್ತುಹೊತ್ತಿಗೆ ಊಟ ಸಿಕ್ಕಿದ್ದಕ್ಕೆ. ಜಂಭಕ್ಕೆ ತಲೆ ತಿರುಗಿತ್ತು ಅಂತ ಮಾತ್ರ ಎಲ್ಲರೂ ಬರೆದಿದಾರೆ. ನಿಜ ಏನು ಗೊತ್ತಾ? ನನಗೆ ಕಣ್ಣು ಕಾಣ್ತಿರ್ಲಿಲ್ಲ. ಕಾಣದೆ ಇದ್ದಾಗ ದೊಡ್ಡ ನಟಿ ಆಗಿದ್ದೆ. ಕನ್ನಡಕ ಬಂತು, ಕಣ್ಣು ಕಾಣಿಸ್ತು, ಸಿನಿಮಾ ಹೋಯ್ತು. ನಗಬೇಡಿ, ಇದ್ದದ್ದನ್ನೇ ಹೇಳ್ತಿದೀನಿ. ನಾಲ್ಕು ಹೆಜ್ಜೆ ಆಚೆ ಯಾರಾದ್ರೂ ನಿಂತ್ರೆ, ಒದ್ದೆ ಗೋಡೆ ಮೇಲಿನ ಕಲೆ ಇರುತ್ತಲ್ಲ, ಹಾಗೆ ಕಾಣ್ತಿದ್ರು. ಆ ಕಲೆಯನ್ನ ನೋಡ್ಕೊಂಡು ‘ನಿಮ್ಮನ್ನ ಬಿಟ್ಟು ನಾನು ಬದುಕಲ್ಲ’ ಅಂತಿದ್ದೆ. ಜನ ಕರ್ಚೀಫು ತೆಗೀತಿದ್ರು.”

ಪತ್ರಿಕೆಯಿಂದ ಬಂದಿದ್ದ ಹುಡುಗಿ ಇಷ್ಟನ್ನೂ ಕೇಳಿ, ಪೆನ್ನಿಗೆ ಮುಚ್ಚಳ ಹಾಕಿ, “ಮೇಡಂ, ಬೇರೆ ಏನಾದ್ರೂ ಹೇಳಿ” ಎಂದಳು. ಅವಳು ಬರೆದುಕೊಳ್ಳದೆ ಬಿಟ್ಟದ್ದನ್ನು ನಾನು ಬರೆಯುತ್ತಿದ್ದೇನೆ. ಸ್ಟುಡಿಯೋದಲ್ಲಿ ಮೂವತ್ತೆಂಟು ವರ್ಷ ನಟಿಯರ ಕೂದಲು ಕಟ್ಟಿದವಳು ನಾನು. ಓದಿದ್ದು ಮೂರನೆಯ ತರಗತಿ. ಈಕೆ ನನ್ನನ್ನು ಅಕ್ಕ ಎನ್ನುತ್ತಾಳೆ, ಆದ್ದರಿಂದ ಇಲ್ಲಿ ಅವಳನ್ನು ತಂಗಿ ಎಂದೇ ಕರೆಯುತ್ತೇನೆ. ಅವಳೂ ಅವಳ ತಾಯಿಯೂ ಇರುವುದು ನಮ್ಮ ಮನೆಯ ಮೇಲಿನ ಮಹಡಿಯಲ್ಲಿ.

ಹದಿನೇಳರಲ್ಲಿ ತಂಗಿ ಒಂದು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಕತ್ತರಿಸುವ ಕೆಲಸಕ್ಕಿದ್ದಳು. ತಂದೆ ಇರಲಿಲ್ಲ. ತಾಯಿ ಮನೆಯಲ್ಲೇ ದಿಂಬಿನ ಚೀಲ ಹೊಲಿಯುತ್ತಿದ್ದರು. ಸೆಟ್ಟಿಗೆ ಪರದೆ ಬಟ್ಟೆ ಕೊಳ್ಳಲು ಬಂದ ಡೈರೆಕ್ಟರು ಬಣ್ಣ ಕೇಳಿದರು. ಯಾರು ಕೇಳಿದ್ದೆಂದು ತಿಳಿಯದೆ ಇವಳು ದನಿ ಬಂದ ಕಡೆಗೆ ಮುಖ ಎತ್ತಿ ನೋಡಿದಳು. ಆ ನೋಟಕ್ಕೆ ಅವರು ಪರದೆಯನ್ನೇ ಮರೆತರು. “ಏನಮ್ಮ ಈ ಕಣ್ಣು, ನನ್ನ ಎದೆ ದಾಟಿ ಬೆನ್ನಿನ ಆಚೆ ನೋಡ್ತಿದೆ” ಎಂದರಂತೆ. ಬೆನ್ನಿನ ಆಚೆ ನೋಡಿದ್ದಲ್ಲ, ಎದೆಯೇ ಕಂಡಿರಲಿಲ್ಲ.

ಮೊದಲ ದಿನ ಜಡೆ ಹೆಣೆಯುವಾಗಲೇ ನನಗೆ ಗೊತ್ತಾಯಿತು. ಕನ್ನಡಿಯೊಳಗೆ ಮೂಗು ತೂರಿಸುವಷ್ಟು ಹತ್ತಿರ ಬಗ್ಗಿದಳು. “ಎಷ್ಟು ಕಾಣುತ್ತೆ?” ಎಂದು ಕೇಳಿದೆ. “ನಿಮ್ಮ ಕೈ ಕಾಣುತ್ತೆ. ನೀವು ಕಾಣಲ್ಲ” ಎಂದಳು. ತಾಯಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಯಾರಿಗೂ ಹೇಳ್ಬೇಡಮ್ಮ. ಕನ್ನಡಕ ಹಾಕೋ ಹುಡುಗೀನ ಯಾರು ಹೀರೋಯಿನ್ ಮಾಡ್ತಾರೆ?”

ಸಿನಿಮಾದವರಿಗೆ ಒಂದು ಕಟ್ಟುಪಾಡು ಉಂಟು. ನಟಿ ಎಲ್ಲಿ ನಿಲ್ಲಬೇಕೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿರುತ್ತಾರೆ. ಗೆರೆಗೆ ಒಂದು ಗೇಣು ಹಿಂದೆಮುಂದೆ ನಿಂತರೂ ಕ್ಯಾಮೆರಾದಲ್ಲಿ ಮುಖ ಮಸುಕಾಗುತ್ತದೆ. ತಂಗಿಗೆ ಆ ಗೆರೆ ಕಾಣುವುದೆಲ್ಲಿಂದ ಬಂತು? ನಾನು ರತ್ನಗಂಬಳಿಯ ಕೆಳಗೆ ದಪ್ಪ ಹಗ್ಗದ ತುಂಡು ಇಡುತ್ತಿದ್ದೆ. ಬರಿನೆಲವಾದರೆ ಮರಳು ತುಂಬಿದ ಪುಟ್ಟ ಚೀಲ. ಅವಳು ಹೆಜ್ಜೆ ಎಣಿಸಿಕೊಂಡು ಬಂದು, ಹೆಬ್ಬೆರಳಿಗೆ ಹಗ್ಗ ಸಿಕ್ಕ ಕೂಡಲೇ ನಿಲ್ಲುವಳು. ಆ ಹೆಬ್ಬೆರಳು ಮೆಲ್ಲಗೆ ತಡಕಾಡುತ್ತ ಬರುವುದಕ್ಕೆ ನಡಿಗೆಯಲ್ಲೊಂದು ಅಳುಕು ಇರುತ್ತಿತ್ತು. ಅದನ್ನೂ ಜನ ನಾಚಿಕೆ ಎಂದುಕೊಂಡರು.

ಎರಡು ವರ್ಷದಲ್ಲಿ ಮೂರು ಚಿತ್ರ, ಮೂರೂ ಗೆದ್ದವು. ಮೂರನೆಯದರ ಪೋಸ್ಟರಿನಲ್ಲಿ ಮುಖವೇ ಇರಲಿಲ್ಲ, ಗೋಡೆ ತುಂಬ ಬರೀ ಎರಡು ಕಣ್ಣು. ಬಸ್ಸು ನಿಲ್ಲುವ ಜಾಗದಲ್ಲಿ ಅದರ ಕೆಳಗೇ ನಿಂತುಕೊಂಡು ಇವಳು ನನ್ನನ್ನು ಕೇಳಿದ್ದಳು, “ಅಕ್ಕಾ, ಇಲ್ಲೇನು ದೊಡ್ಡದಾಗಿ ಅಂಟಿಸಿದಾರೆ?”

ಕೇಡು ಬಂದದ್ದೂ ಅದೇ ಕಣ್ಣಿನಿಂದ. ಸ್ಟುಡಿಯೋ ನಡೆಯುವುದೇ ಮಾತಾಡಿಸುವುದರ ಮೇಲೆ. ದೊಡ್ಡವರು ಕಂಡರೆ ಎದ್ದು ನಿಲ್ಲಬೇಕು, ನಕ್ಕು ಎರಡು ಮಾತಾಡಬೇಕು. ಇವಳು ಯಾರನ್ನೂ ಮಾತಾಡಿಸದೆ ದಾಟಿಕೊಂಡು ಹೋಗುತ್ತಿದ್ದಳು. ಮೂರೂ ಚಿತ್ರಕ್ಕೆ ಹಣ ಹಾಕಿದ ನಿರ್ಮಾಪಕರನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ಅವರೊಂದು ದಿನ ಉಡುಪಿನ ಕೋಣೆಯ ಮುಂದಿನ ಓಣಿಯಲ್ಲಿ ನಾಲ್ಕು ಜನ ಪರವೂರಿನ ಚಿತ್ರ ಹಂಚಿಕೆದಾರರನ್ನು ನಿಲ್ಲಿಸಿಕೊಂಡು, “ಬರ್ತಿದಾಳೆ ನೋಡಿ, ನನ್ನ ಮಾತು ಅಂದ್ರೆ ತಂದೆ ಮಾತು ಇದ್ದ ಹಾಗೆ ಅವಳಿಗೆ” ಎನ್ನುತ್ತಿದ್ದರು. ತಂಗಿ ಅವರ ಭುಜ ಸವರಿಕೊಂಡೇ ಮುಂದೆ ಹೋದಳು. ಹೋಗಿ, ಓಣಿಯ ತುದಿಯಲ್ಲಿ ರಾಜನ ಉಡುಪು ತೊಡಿಸಿ ನಿಲ್ಲಿಸಿದ್ದ ಮರದ ಗೊಂಬೆಯ ಮುಂದೆ ಬಗ್ಗಿ, “ಚೆನ್ನಾಗಿದೀರಾ ಧಣಿ? ಮನೇಲಿ ಎಲ್ಲರೂ ಆರೋಗ್ಯವಾ?” ಎಂದಳು.

ಹಂಚಿಕೆದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಧಣಿ ನಗಲಿಲ್ಲ. “ನನಗಿಂತ ಗೊಂಬೆಗೆ ಮರ್ಯಾದೆ ಅಂತ ತೋರಿಸಿದಳು” ಎಂದರು. ಒಂದೇ ವಾರದಲ್ಲಿ ಮಾತು ಊರೆಲ್ಲ ಸುತ್ತಿತು. ಒಪ್ಪಿಕೊಂಡಿದ್ದ ಎರಡು ಚಿತ್ರ ಕೈಬಿಟ್ಟವು. ಹೋಗಿ ನಿಜ ಹೇಳೋಣವೆಂದರೆ ತಾಯಿ ಬಿಡಲಿಲ್ಲ. “ಕುರುಡಿ ಅನ್ನಿಸಿಕೊಳ್ಳೋದಕ್ಕಿಂತ ಜಂಭದವಳು ಅನ್ನಿಸಿಕೊಳ್ಳೋದು ಮೇಲು” ಎಂದರು.

ಮರುದಿನ ತಂಗಿ ನನ್ನನ್ನು ಎಳೆದುಕೊಂಡು ಕನ್ನಡಕದ ಅಂಗಡಿಗೆ ಹೋದಳು. ಅಂಗಡಿಯವರು ಅವಳ ಮೂಗಿನ ಮೇಲೆ ಗಾಜು ಬದಲಿಸುತ್ತ ಬದಲಿಸುತ್ತ, “ಇಷ್ಟು ದಿನ ರಸ್ತೆ ಹೇಗಮ್ಮ ದಾಟ್ತಿದ್ದೆ?” ಎಂದರು. “ಎಲ್ಲರೂ ದಾಟುವಾಗ ದಾಟ್ತಿದ್ದೆ” ಎಂದಳು. ದಪ್ಪ ಗಾಜಿನ ಕನ್ನಡಕ ಏರಿಸಿಕೊಂಡು ಮೊದಲು ನನ್ನ ಕಡೆ ತಿರುಗಿ ಎಷ್ಟೋ ಹೊತ್ತು ನೋಡಿದಳು. “ಅಕ್ಕಾ, ನೀವು ಇಷ್ಟು ಚಿಕ್ಕವರಾ? ದನಿ ಕೇಳಿ ಅಜ್ಜಿ ಅಂದ್ಕೊಂಡಿದ್ದೆ.” ಮನೆಗೆ ಬಂದು ತಾಯಿಯನ್ನು ನೋಡಿ, “ಅಮ್ಮಾ, ನಿನಗೆ ಮೀಸೆ ಇದೆ” ಎಂದಳು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಆ ವಾರವೇ ನಾವಿಬ್ಬರೂ ಹಿಂದಿನ ಬೀದಿಯ ಸಣ್ಣ ಟಾಕೀಸಿನಲ್ಲಿ ಅವಳದೇ ಮೂರನೆಯ ಚಿತ್ರಕ್ಕೆ ಹೋದೆವು. ಅಷ್ಟು ದಿನ ತನ್ನನ್ನು ತಾನು ಪರದೆಯ ಮೇಲೆ ನೆಟ್ಟಗೆ ಕಂಡವಳೇ ಅಲ್ಲ. ಹೊಗಳಿಕೆ ಕಿವಿಯಲ್ಲಿ ಕೇಳಿದ್ದಷ್ಟೇ. ದೊಡ್ಡ ಕ್ಲೋಸಪ್ ಬಂತು, ನಮ್ಮ ಮುಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಂಡರು. ತಂಗಿ ನನ್ನ ಕಿವಿಯ ಹತ್ತಿರ, “ಅಕ್ಕಾ, ಆ ಹುಡುಗಿ ಯಾರನ್ನೂ ನೋಡ್ತಾ ಇಲ್ಲ” ಎಂದಳು. “ಜನಕ್ಕೆ ಅದೇ ಇಷ್ಟ ಕಣೇ.” “ಇಷ್ಟ ಇರ್ಬಹುದು. ಅವಳು ನಟನೆ ಮಾಡ್ತಾ ಇಲ್ಲ, ಹಗ್ಗ ಹುಡುಕ್ತಾ ಇದಾಳೆ. ಒಂದು ಸಲವಾದ್ರೂ ನಾನು ಎದುರಿಗಿರೋರನ್ನ ನೋಡಿ ಮಾತಾಡ್ಬೇಕು.”

ತಾಯಿ ಅಂದೇ ಕಡ್ಡಿ ಮುರಿದಂತೆ ಕೇಳಿದರು. “ಕನ್ನಡಕ ಬೇಕಾ, ಸ್ಟುಡಿಯೋ ಬೇಕಾ? ಒಂದು ಹೇಳು.”

“ಎರಡೂ ಬೇಕು” ಎಂದಳು ತಂಗಿ.

ಆ ಎರಡೂ ಸಿಗುವುದಕ್ಕೆ ಮೂವತ್ತಾರು ವರ್ಷ ಹಿಡಿಯಿತು.

ನಾಲ್ಕನೆಯ ಚಿತ್ರ ಬೇರೆಯವರದು. ಕಣ್ಣೊಳಗೇ ಇಟ್ಟುಕೊಳ್ಳುವ ಲೆನ್ಸು ಹಾಕಿಕೊಂಡು ಹೋದಳು. ಹಗ್ಗ ಬೇಕಾಗಲಿಲ್ಲ. ಲೈಟಿನವರನ್ನೂ ಬಿಡದೆ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದಳು. ಆದರೆ ಕ್ಯಾಮೆರಾ ಓಡಿದ ಮೇಲೆ ಕೈ ತೊಳೆದು ಬರುತ್ತಿದ್ದ ಆ ಸಾಧು ಹೀರೋ ತಡವರಿಸತೊಡಗಿದ. ಅವಳು ಅವನ ಹಣೆಯ ಬೆವರು, ಅಂಟಿಸಿದ ಮೀಸೆ, ಮಾತು ಮರೆತಾಗ ಹೊರಳುವ ಕಣ್ಣು ಎಲ್ಲವನ್ನೂ ಕಾಣುತ್ತಿದ್ದಳು. “ಸಾರ್, ಅವಳಿಗೆ ಬೇರೆ ಕಡೆ ನೋಡೋಕೆ ಹೇಳಿ. ಹೀಗೆ ನೋಡಿದ್ರೆ ನನಗೆ ನಮ್ಮ ಗಣಿತದ ಮೇಷ್ಟ್ರು ಜ್ಞಾಪಕ ಬರ್ತಾರೆ” ಎಂದ. ಡೈರೆಕ್ಟರು ತಲೆ ಕೆರೆದುಕೊಂಡರು. “ಅಮ್ಮಾ, ಆ ಲೆನ್ಸೋ ಏನೋ ತೆಗೆದಿಟ್ಟು ಹಳೇ ಹಾಗೇ ಒಂದು ಸಲ ನೋಡಮ್ಮ.” ತಂಗಿ ಒಲ್ಲೆ ಎಂದಳು.

ಚಿತ್ರ ಎರಡನೆಯ ವಾರ ಕಾಣಲಿಲ್ಲ. ಕಣ್ಣಿನ ಮೋಡಿ ಹೋಯಿತೆಂದು ಪತ್ರಿಕೆಗಳು ಬರೆದವು. ಮೇಕಪ್ ಕೋಣೆಯಲ್ಲಿ ಇದರ ಮೇಲೆ ಎಷ್ಟು ಮಾತು ಕೇಳಿದ್ದೇನೋ ಲೆಕ್ಕವಿಲ್ಲ. ನನಗೆ ಹೊಳೆದದ್ದು ಇಷ್ಟು. ಆ ಹಳೆಯ ಕಣ್ಣು ಯಾರ ಮೇಲೂ ನಿಲ್ಲುತ್ತಿರಲಿಲ್ಲವಾದ್ದರಿಂದ ಟಾಕೀಸಿನಲ್ಲಿ ಕೂತ ಪ್ರತಿಯೊಬ್ಬನೂ ತನ್ನನ್ನೇ ನೋಡುತ್ತಿದ್ದಾಳೆಂದು ತಿಳಿದುಕೊಂಡಿದ್ದ. ಈಗ ಅವಳು ಎದುರಿನವನನ್ನು ನೋಡಿದಳು, ಉಳಿದವರಿಗೆ ಮನೆಯ ಬಾಗಿಲು ಮುಚ್ಚಿದಂತಾಯಿತು. ಅದರ ಮೇಲೆ ಜಂಭದ ಹೆಸರು ಬೇರೆ. ಹೊಸ ಹುಡುಗಿಯರು ವರ್ಷಕ್ಕೆ ಇಬ್ಬರಂತೆ ಬರುತ್ತಿದ್ದರು. ಇಪ್ಪತ್ತಮೂರಕ್ಕೆ ತಂಗಿಯ ಹೀರೋಯಿನ್ ಕಾಲ ಮುಗಿಯಿತು.

ಅವಳು ಮನೆಯಲ್ಲಿ ಕೂರಲಿಲ್ಲ. ಕನ್ನಡಕ ಹಾಕಿಕೊಂಡೇ ಸಿಕ್ಕ ಪಾತ್ರ ಮಾಡಿದಳು. ನರ್ಸು, ಬ್ಯಾಂಕಿನವಳು, ಪಕ್ಕದ ಮನೆ ಅತ್ತೆ. ತಾಯಿ ಒಂದೆರಡು ಸಲ ಕನ್ನಡಕವನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟರು. ಇವಳು ಹಿಟ್ಟು ಒರೆಸಿ ಹಾಕಿಕೊಂಡು ಹೊರಡುತ್ತಿದ್ದಳು.

ನರ್ಸಾಗಿ ತಟ್ಟೆ ಹಿಡಿದು ನಿಂತಿದ್ದ ಒಂದು ದಿನ ಹೊಸ ದಾರಿ ತೆರೆಯಿತು. ಆಸ್ಪತ್ರೆಯ ಸೆಟ್ಟು. ಹೀರೋಯಿನ್ ಹಾಸಿಗೆಯಲ್ಲಿ ಕೂತು, ಬಿಟ್ಟುಹೋಗುತ್ತಿರುವ ತಾಯಿಯನ್ನು ತಡೆಯಬೇಕು. ತಾಯಿಯ ಪಾತ್ರದವರು ಇನ್ನೊಂದು ಶೂಟಿಂಗಿಗೆ ಓಡಿದ್ದರು. ಅವರ ಮಾತನ್ನು ಕ್ಯಾಮೆರಾದ ಪಕ್ಕ ನಿಂತ ಸಹಾಯಕ ದಿನಸಿ ಚೀಟಿ ಓದುವಂತೆ ಓದುತ್ತಿದ್ದ. “‘ಮಗಳೇ, ನನ್ನ ಮರೆತುಬಿಡು.’ ಮುಂದೆ ನೀವು.” ಹುಡುಗಿಗೆ ಅಳು ಬರುವ ಜಾಗದಲ್ಲಿ ನಗು ಬರುತ್ತಿತ್ತು. ಒಂಬತ್ತು ಟೇಕ್ ಹಾಳಾದವು.

ತಂಗಿ ತಟ್ಟೆ ಕೆಳಗಿಟ್ಟಳು. “ನಾನು ನಿಂತ್ಕೊಳ್ಲಾ?”

ಕ್ಯಾಮೆರಾಗೆ ಭುಜ ಒತ್ತಿಕೊಂಡು ನಿಂತಳು. ತಾಯಿ ಪಾತ್ರದ ಮಾತು ಕೇಳಿ ಕೇಳಿ ಆಗಲೇ ಬಾಯಿಪಾಠವಾಗಿತ್ತು. ಮೆಲ್ಲಗೆ ಹೇಳಿದಳು, ಹುಡುಗಿಯನ್ನು ನೋಡಿದಳು. ಹುಡುಗಿ ಅವಳನ್ನು ನೋಡಿದಳು. ಹತ್ತನೆಯ ಟೇಕು ಸರಿಯಾಯಿತು. “ಏನು ಮಾಡಿದ್ರಿ ನೀವು?” ಎಂದು ಹುಡುಗಿ ಕೇಳಿದಳು. “ಏನೂ ಮಾಡ್ಲಿಲ್ಲಮ್ಮ. ನಿನ್ನ ನೋಡ್ದೆ.”

ಅಲ್ಲಿಂದ ಮುಂದೆ ಕ್ಯಾಮೆರಾದವರು ಹೇಳಿಕಳಿಸತೊಡಗಿದರು. ದೊಡ್ಡ ಕ್ಲೋಸಪ್ ಇದ್ದರೆ, ಎದುರಿನ ನಟ ಊರಲ್ಲಿಲ್ಲದಿದ್ದರೆ, ಹೊಸ ಹುಡುಗಿಗೆ ಕೈಕಾಲು ನಡುಗುತ್ತಿದ್ದರೆ, ತಂಗಿ ಬೇಕು. ಗಂಡ, ಅಪ್ಪ, ಪ್ರಿಯಕರ, ಸಾಯುತ್ತಿರುವ ಮಗು, ಯಾರ ಬದಲಿಗೆ ಬೇಕಾದರೂ ನಿಲ್ಲುತ್ತಿದ್ದಳು. ಹಿಂದಿನ ದಿನವೇ ಮಾತು ಕಲಿತು ಬರುವಳು. ಎತ್ತರದ ನಟನ ಬದಲಿಗಾದರೆ ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಲ್ಲುವಳು. ಒಬ್ಬ ಹುಡುಗಿಗೆ ಯಾರಾದರೂ ಬಹಳ ಹೊತ್ತು ನೋಡಿದರೆ ಹೆದರಿಕೆ, ಅವಳ ಎದುರು ಮಾತಿನ ಕೊನೆಯಲ್ಲಷ್ಟೇ ಕಣ್ಣೆತ್ತುವಳು. ಇದನ್ನೆಲ್ಲ ಕಲಿಸಿದವರು ಯಾರೂ ಇಲ್ಲ. ಮೂವತ್ತು ವರ್ಷದಲ್ಲಿ ಜನ ಬಾಯಿ ತುಂಬ ಹೊಗಳಿದ ಎಷ್ಟೋ ಕ್ಲೋಸಪ್ಪುಗಳಲ್ಲಿ ಆ ನಟಿಯರು ಕಣ್ಣು ತುಂಬಿ ನೋಡುತ್ತಿರುವುದು ದಪ್ಪ ಕನ್ನಡಕದ ನಮ್ಮ ತಂಗಿಯನ್ನು. ಮದುವೆ ಆಗಲಿಲ್ಲವೇ ಎಂದು ಯಾರಾದರೂ ಕೇಳಿದರೆ, “ಎಷ್ಟು ಜನರ ಗಂಡ ಆಗಿದೀನಿ, ಇನ್ನೆಷ್ಟು ಆಗ್ಲಿ?” ಎನ್ನುತ್ತಾಳೆ.

ಆದರೆ ಈ ಕೆಲಸಕ್ಕೆ ಹೆಸರಿರಲಿಲ್ಲ. ಈ ಕೆಲಸ ಹೆಚ್ಚಾದ ಮೇಲೆ ಪಾತ್ರ ಮಾಡುವುದು ಬಿಟ್ಟಿದ್ದಳು, ಹಳೆಯ ನಟಿಯ ಕಾರ್ಡು ತೋರಿಸಿಕೊಂಡು ಗೇಟು ದಾಟುತ್ತಿದ್ದಳು. ಹೋದ ವರ್ಷ ಸಿನಿಮಾ ಕೆಲಸಗಾರರ ಸಂಘದವರು ಹೊಸ ನಿಯಮ ತಂದರು. ಎರಡು ವರ್ಷ ತೆರೆಯ ಮೇಲೆ ಬಾರದವರ ಕಾರ್ಡು ರದ್ದು, ಕಾರ್ಡಿಲ್ಲದವರಿಗೆ ಸ್ಟುಡಿಯೋ ಒಳಗೆ ಕಾಲಿಡಲು ಬಿಡುವುದಿಲ್ಲ. ಒಂದು ಬೆಳಿಗ್ಗೆ ಗೇಟಿನವನು ತಲೆ ತಗ್ಗಿಸಿ, “ದೊಡ್ಡಮ್ಮ, ನನ್ನ ಕೆಲಸಕ್ಕೆ ಕುತ್ತು ಬರುತ್ತೆ” ಎಂದ. ಅವಳು ಹಿಂತಿರುಗಿ ಬಂದಳು. ಮೇಲಿನ ಮಹಡಿಯಿಂದ ತಾಯಿಯ ಮಾತು ನನಗೆ ಕೇಳಿಸುತ್ತಿತ್ತು. “ನಾನು ಅವತ್ತೇ ಹೇಳಿದ್ದೆ. ಒಂದೇ ಸಿಗೋದು ಅಂತ.”

“ಇರು ಅಮ್ಮ, ಇನ್ನೂ ಮುಗಿದಿಲ್ಲ.”

ಸಂಘದ ಕಚೇರಿಗೆ ನಾನೂ ಜೊತೆಗೆ ಹೋದೆ. ಮೂರನೆಯ ಮಹಡಿ, ಉದ್ದ ಮೇಜು, ಕುಂಟುತ್ತ ತಿರುಗುವ ಫ್ಯಾನು. ಸಮಿತಿಯ ಐದು ಜನ ಕೂತಿದ್ದರು. ಕಾರ್ಯದರ್ಶಿ ಮೊದಲು ಲೈಟಿನ ಕೆಲಸದಲ್ಲಿದ್ದವರು. ಪಟ್ಟಿಯ ಮೇಲೆ ಬೆರಳಾಡಿಸಿದರು. “ಲೈಟು, ಬಣ್ಣ, ಉಡುಪು, ಕೂದಲು, ಬಡಗಿ, ಡ್ರೈವರು. ನಿಮ್ಮದು ಯಾವುದಮ್ಮ?”

“ಇದರಲ್ಲಿ ಇಲ್ಲ.”

“ಏನು ಮಾಡ್ತೀರಿ ನೀವು?”

“ನೋಡ್ತೀನಿ.”

ಮೇಜಿನ ಆ ತುದಿಯಲ್ಲಿ ಫೈಟ್ ಮಾಸ್ಟರ್ ಒಬ್ಬರು ತೋಳು ಕಟ್ಟಿ ಕೂತಿದ್ದರು. ಕತ್ತೇ ಇಲ್ಲದಂತಹ ಮೈಕಟ್ಟು. “ನೋಡೋಕೂ ಕಾರ್ಡು ಕೊಟ್ರೆ ನಾಳೆ ಉಸಿರಾಡೋಕೂ ಕೇಳ್ತಾರೆ. ನಮಗೆಲ್ಲ ಕಣ್ಣಿಲ್ವಾ?” ಎಂದರು. ಉಳಿದವರು ನಕ್ಕರು. ಕಾರ್ಯದರ್ಶಿ ಪಟ್ಟಿ ಮಡಿಚಿದರು.

ಅಷ್ಟು ವರ್ಷದ ದುಡಿಮೆ ಆ ಮಡಿಸಿದ ಕಾಗದದೊಳಗೆ ಹೋಯಿತೆಂದುಕೊಂಡೆ. ತಂಗಿ ಕುರ್ಚಿ ಬಿಟ್ಟು ಏಳಲಿಲ್ಲ. “ಮಾಸ್ಟರ್, ನೀವು ಒಂದು ಮಾತು ಹೇಳಿ. ಯಾವುದಾದ್ರೂ ಸರಿ. ಮೊದಲು ಆ ಗೋಡೆಗೆ ಹೇಳಿ, ಆಮೇಲೆ ನನಗೆ. ಎರಡೂ ಒಂದೇ ಆದ್ರೆ ನಾನೇ ಎದ್ದು ಹೋಗ್ತೀನಿ.”

“ಇದೊಳ್ಳೆ ಕಥೆ” ಎಂದರು ಮಾಸ್ಟರು. ಆದರೂ ಗೋಡೆಗೆ ತಿರುಗಿ ಗಂಟಲು ಸರಿಪಡಿಸಿಕೊಂಡರು. “ಇವತ್ತು ಬೆಳಿಗ್ಗೆ ಏಳು ಗಂಟೆಗೆ ಮನೆ ಬಿಟ್ಟೆ.” ಬಸ್ಸು ಬಿಡುವ ಹೊತ್ತು ಹೇಳಿದಂತಿತ್ತು. ಮತ್ತೆ ನಗು. “ಆಯ್ತಾ? ಈಗ ನಿಮಗೆ.”

ತಂಗಿ ಕನ್ನಡಕ ಮೇಲೆ ಸರಿಸಿಕೊಂಡಳು. ಕೈ ಮಡಿಲಲ್ಲಿಟ್ಟುಕೊಂಡು ಅವರನ್ನು ನೋಡಿದಳು. ನಾನು ಅಷ್ಟು ವರ್ಷ ಪಕ್ಕದಿಂದ ಕಂಡಿದ್ದನ್ನು ಅಂದೂ ಪಕ್ಕದಿಂದಲೇ ಕಂಡೆ. ಮುಖದಲ್ಲಿ ಯಾವ ಭಾವವನ್ನೂ ತಂದುಕೊಳ್ಳುವುದಿಲ್ಲ ಅವಳು. ಮುಂದಿನ ಮಾತು ಕೇಳದೆ ಅಲ್ಲಿಂದ ಏಳುವವಳಲ್ಲ ಎಂಬುದು ಮಾತ್ರ ಕಾಣುತ್ತದೆ.

“ಇವತ್ತು ಬೆಳಿಗ್ಗೆ ಏಳು ಗಂಟೆಗೆ ಮನೆ ಬಿಟ್ಟೆ” ಎಂದರು ಮಾಸ್ಟರು. ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. “ಬಿಡುವಾಗ ಮಗಳು ಬಾಗಿಲಲ್ಲೇ ಇದ್ಲು. ಮಾತಾಡ್ಲಿಲ್ಲ. ನಾಲ್ಕು ದಿನ ಆಯ್ತು. ಅವಳು ಕೇಳಿದ್ದು ಸಣ್ಣದು... ನಾನು ಕೈ ಎತ್ತಬಾರದಿತ್ತು.” ಅವರ ದನಿ ಅಷ್ಟು ಸಣ್ಣದಾಗಬಲ್ಲದೆಂದು ಯಾರಿಗೂ ಗೊತ್ತಿರಲಿಲ್ಲ. ತಂಗಿ ಕಣ್ಣು ತೆಗೆಯಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಮಾಸ್ಟರು ಅಂಗೈಯಿಂದ ಮುಖ ಒರೆಸಿಕೊಂಡು, ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಕೆಮ್ಮಿದರು.

“ಏನು ನೋಡ್ತಿದೀರಿ ಎಲ್ಲ? ಕಾರ್ಡು ಬರೀರಿ” ಎಂದರು.

“ಏನಂತ ಬರೀಲಿ?” ಎಂದರು ಕಾರ್ಯದರ್ಶಿ.

ಐದೂ ಜನ ಅರ್ಧ ಗಂಟೆ ತಲೆ ಕೆಡಿಸಿಕೊಂಡರು. ನೋಡುವವರು ಎಂದರೆ ಪ್ರೇಕ್ಷಕರೆಂದಾಗುತ್ತದೆ ಎಂದರು ಒಬ್ಬರು. ಬದಲಿ ಎಂದರೆ ಕಡಿಮೆಯಾಯಿತು ಎಂದರು ಮಾಸ್ಟರು. ಬೇರೆಯವರ ಮಾತು ನಡೆಯುವಾಗ ಹೆಂಗಸು ಬಾಯಿ ಹಾಕಬಾರದೇನೋ, ಆದರೂ ನಾನು ಹೇಳಿದೆ, “ಎದುರು ನಿಲ್ಲುವವರು ಅಂತ ಬರೀರಿ.” ಪಟ್ಟಿಯ ಕೊನೆಯಲ್ಲಿ ಕಾರ್ಯದರ್ಶಿ ಕೈಯಾರೆ ಹೊಸ ಸಾಲು ಸೇರಿಸಿದರು. ಅದರ ಮುಂದೆ ಸಂಖ್ಯೆ ಒಂದು. ಈಗ ಆ ಸಾಲಿನಲ್ಲಿ ನಾಲ್ಕು ಜನ ಇದ್ದಾರೆ. ಮೂವರು ಇವಳ ಹತ್ತಿರವೇ ಕಲಿಯುತ್ತಿರುವವರು. ಅವರನ್ನೆಲ್ಲ ಮೊದಲ ತಿಂಗಳು ಬಾಯಿ ಮುಚ್ಚಿ ಕೂರಿಸುತ್ತಾಳೆ.

ಕಾರ್ಡು ಬಂದ ದಿನ ಗೇಟಿನವನು ಅದನ್ನು ಎರಡು ಸಲ ತಿರುಗಿಸಿ ನೋಡಿ, ಎದ್ದು ನಿಂತು ಗೇಟಿನ ಎರಡೂ ಬಾಗಿಲು ತೆಗೆದ. ಲಾರಿ ಬಂದರೆ ಮಾತ್ರ ಹಾಗೆ ತೆಗೆಯುವುದು. “ನಾನೇನು ಅಷ್ಟು ದಪ್ಪ ಆಗಿದೀನಾ?” ಎಂದಳು ತಂಗಿ, ನಡುವೆಯೇ ನಡೆದು ಹೋದಳು.

ಸಂಜೆ ಕಾರ್ಡನ್ನು ತಾಯಿಯ ಕೈಗಿಟ್ಟಳು. ಎಂಬತ್ತೆರಡಾದ ಅವರಿಗೆ ಈಗ ತಮ್ಮದೇ ಒಂದು ಕನ್ನಡಕವಿದೆ. ಅದನ್ನು ಹುಡುಕಿ ಹಾಕಿಕೊಂಡು, ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಸರು ಓದಿದರು, ಕೆಲಸ ಓದಿದರು, ಮುದ್ರೆಯನ್ನು ಬೆರಳಿನಿಂದ ಸವರಿದರು.

“ಎರಡೂ ಸಿಕ್ತು ಅನ್ನು” ಎಂದರು.

“ಸಿಕ್ತು.”

“ಆದ್ರೂ ಫೋಟೋಗಾದ್ರೂ ಕನ್ನಡಕ ತೆಗೀಬಹುದಿತ್ತು ಕಣೇ.”

ತಂಗಿ ನಗುತ್ತ ತಾರಸಿಗೆ ಹೋದಳು. ಮೋಡ ಕವಿಯುತ್ತಿತ್ತು, ಬೆಳಿಗ್ಗೆ ಒಗೆದು ಹಾಕಿದ್ದ ಬಟ್ಟೆಯೆಲ್ಲ ತಂತಿಯ ಮೇಲಿತ್ತು. ನಾನು ಕ್ಲಿಪ್ಪು ಬಿಡಿಸಿದೆ, ಅವಳು ಲಂಗ, ರವಿಕೆ, ತಾಯಿಯ ದಿಂಬಿನ ಚೀಲಗಳನ್ನು ತೋಳಿಗೆ ಹಾಕಿಕೊಂಡಳು. ಕೊನೆಗೆ ದೊಡ್ಡ ಹೊದಿಕೆ ಉಳಿಯಿತು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಅವಳು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದಳು. ಇಬ್ಬರೂ ಎಳೆದು ಕೊಡವಿದೆವು, ಉದ್ದಕ್ಕೆ ಮಡಿಸಿದೆವು, ತುದಿಗೆ ತುದಿ ಸೇರಿಸಲು ಅವಳು ನನ್ನ ಕಡೆಗೆ ನಡೆದು ಬಂದಳು.